ತಮ್ಮನಿಗೆ ಜನರ ಮುಂದೆ ವಿಪರೀತ ಭಯ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಓದಿನಲ್ಲಿ ಜಾಣ. ಆದರೆ ಸೆಮಿನಾರ್, ವೈವಾ ಅಂದರೆ ಕೈ ನಡುಗುತ್ತದೆ, ಬೆವರುತ್ತಾನೆ. ಈಗೀಗ ಕ್ಯಾಂಟೀನಿಗೂ ಹೋಗುವುದಿಲ್ಲ. ಕೇಳಿದರೆ "ನಾನು ಯಾವುದಕ್ಕೂ ಲಾಯಕ್ಕಿಲ್ಲ ಅಕ್ಕಾ, ಬಾಯಿ ಬಿಟ್ಟರೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ" ಅನ್ನುತ್ತಾನೆ. ಆ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿಯೇ ಇಲ್ಲ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದೆವು, ಮಧ್ಯದಲ್ಲೇ ಬಿಟ್ಟ. ನಾನು ಹೊಗಳಿದರೆ "ನೀನು ಅಕ್ಕ ಅಲ್ವಾ, ಹಾಗೇ ಹೇಳ್ತೀಯ" ಅಂತಾನೆ. ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ 1965ರಲ್ಲಿ ಮಾಡಿದ 10 ವಾಕ್ಯಗಳ ಆತ್ಮಗೌರವದ ಪ್ರಶ್ನಾವಳಿ ತುಂಬಿಸಿದೆ, ಅಂಕ ತುಂಬಾ ಕಡಿಮೆ ಬಂತು. ಅದರಿಂದ ಕಾಯಿಲೆ ಗೊತ್ತಾಗುವುದಿಲ್ಲ, ಆದರೂ ಚಿಂತೆ ಜಾಸ್ತಿಯಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿ, ಮನೋವೈದ್ಯರಿಗೆ ತೋರಿಸಿ ಅಂದರು. ಇವನು ಒಪ್ಪುತ್ತಿಲ್ಲ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಕಾಲೇಜಿನ ಆಪ್ತಸಮಾಲೋಚಕರು "ಮೊದಲು ತನ್ನ ಮೇಲೆ ನಂಬಿಕೆ ಬರಲಿ, ಭಯ ತಾನಾಗೇ ಹೋಗುತ್ತೆ, ಬಲವಂತ ಬೇಡ" ಅಂದರು. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಬಗ್ಗೆ ಓದಿದರೆ ಬೇರೆಯೇ ಇದೆ: ತಪ್ಪಿಸಿಕೊಂಡಷ್ಟೂ ಭಯ ಗಟ್ಟಿಯಾಗುತ್ತದೆ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಎದುರಿಸಬೇಕು. ಆದರೆ ಎದುರಿಸಲು ಹೋಗಿ ಒಮ್ಮೆ ತಡವರಿಸಿದರೆ, ತಾನು ಲಾಯಕ್ಕಿಲ್ಲ ಅನ್ನುವುದನ್ನೇ ಇನ್ನಷ್ಟು ನಂಬಿಬಿಟ್ಟರೆ?

ಇದನ್ನು ದಾಟಿ ಬಂದವರು, ಇದೇ ಕೆಲಸದಲ್ಲಿರುವವರು ದಯವಿಟ್ಟು ಹೇಳಿ: ಇಂಥ ಹುಡುಗನಿಗೆ ಮೊದಲು ಭಯಕ್ಕೆ ಚಿಕಿತ್ಸೆಯೋ, ಆತ್ಮಗೌರವಕ್ಕೋ, ಎರಡೂ ಒಟ್ಟಿಗೋ? ಡಾಕ್ಟರ ಮೊದಲ ಭೇಟಿಗೆ ಅವನನ್ನು ಹೇಗೆ ಒಪ್ಪಿಸಲಿ?