ಮನೆಗೆ ಪೈಪು ಇಲ್ಲದಿರುವುದು ಪರಿಸರ ಅನ್ಯಾಯವೇ?

ಮಳೆಬಿಲ್ಲು: ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರ ಮನೆಯಲ್ಲಿ ಇವತ್ತಿಗೂ ನಲ್ಲಿ ನೀರೋ ಸರಿಯಾದ ಕಕ್ಕಸೋ ಇಲ್ಲ. ಇದನ್ನು ‘ಪರಿಸರ ನ್ಯಾಯ’ದ ಪ್ರಶ್ನೆ ಅನ್ನುತ್ತಾರೆ, ಅಂದರೆ ಹೊಲಸು, ವಿಷದ ಹೊರೆ ಬಡವರು, ಕಪ್ಪು ಜನರು, ಮೂಲನಿವಾಸಿಗಳ ಮೇಲೇ ಹೆಚ್ಚು ಬೀಳಬಾರದು ಅನ್ನುವ ವಾದ. ನನಗೆ ಇದು ಬಡತನದ ಪ್ರಶ್ನೆ ಅನಿಸುತ್ತದೆ. ದುಡ್ಡಿದ್ದರೆ ಪೈಪು ಹಾಕಿಸುತ್ತಾರೆ, ಅಷ್ಟೇ ಅಲ್ವಾ? ಹೊಗೆಯಿಲ್ಲ, ಕಾರ್ಖಾನೆಯಿಲ್ಲ, ಪರಿಸರ ಎಲ್ಲಿಂದ ಬಂತು?

ಪೈಪ್‌ರೆಂಚ್: ಮಣ್ಣಿನಿಂದ ಬಂತು. ನಾನು ಇದೇ ಕೆಲಸದವನು, ಅದಕ್ಕೇ ಹೇಳುತ್ತಿದ್ದೇನೆ. ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಜಾಸ್ತಿ ಇರುವುದು ಜೇಡಿಮಣ್ಣು. ನೀರು ಇಂಗುವುದೇ ಕಷ್ಟ. ಮಾಮೂಲಿ ಸೆಪ್ಟಿಕ್ ಟ್ಯಾಂಕ್ ಹಾಕಿದರೆ ಮಳೆಗಾಲದಲ್ಲಿ ಹೊಲಸು ವಾಪಸ್ ಬಚ್ಚಲಿಗೇ ಉಕ್ಕುತ್ತದೆ. ಮಣ್ಣಿನ ದಿಬ್ಬ ಏರಿಸಿ ಮಾಡುವ ವ್ಯವಸ್ಥೆ ಬೇಕು, ಅದು ತುಂಬಾ ದುಬಾರಿ. ಹಾಗಾಗಿ ಎಷ್ಟೋ ಜನ ಕಕ್ಕಸಿನಿಂದ ಹಿತ್ತಲಿಗೆ ಒಂದು ಪೈಪು ಎಳೆದು ಬಿಟ್ಟಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ಹತ್ತಿ ತೋಟಗಳಿದ್ದವು. ಈಗಲೂ ಅಲ್ಲಿ ಹೆಚ್ಚಿನವರು ಕಪ್ಪು ಜನರೇ, ಆ ತೋಟಗಳಲ್ಲಿ ಗುಲಾಮರಾಗಿ ದುಡಿದವರ ವಂಶದವರು.

ಮಳೆಬಿಲ್ಲು: ಮಣ್ಣು ಹಾಗಿದ್ದರೆ ಯಾರನ್ನು ದೂರೋಣ?

ಕಡಲಹಕ್ಕಿ: ಮಣ್ಣು ಕೇಸ್ ಹಾಕುವುದಿಲ್ಲ ರೀ! ಟ್ಯಾಂಕ್ ಸರಿಯಿಲ್ಲ ಅಂತ ಬಡವರಿಗೆ ದಂಡ, ಜೈಲಿನ ಭಯ ಹುಟ್ಟಿಸಿದ್ದು ಆಡಳಿತ. ಅದನ್ನು ನಿಲ್ಲಿಸಲು 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಅದೇ ಇಲಾಖೆ ಒಪ್ಪಂದ ಕೈಬಿಟ್ಟಿತು. ಇನ್ನು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನಾಡು ನೋಡಿ. ಸುಮಾರು 30% ಮನೆಗಳಿಗೆ ನಲ್ಲಿ ನೀರಿಲ್ಲ, ಗಾಡಿಯಲ್ಲಿ ಡ್ರಮ್ ಹೇರಿಕೊಂಡು ತರುತ್ತಾರೆ. ಹತ್ತಿರದ ಬಾವಿ ನೀರು ಕುಡಿಯೋಣ ಅಂದರೆ ಕೆಲವದರಲ್ಲಿ ಯುರೇನಿಯಂ, ಆರ್ಸೆನಿಕ್. ಆ ನಾಡಿನಲ್ಲಿ ಪಾಳುಬಿದ್ದ ಯುರೇನಿಯಂ ಗಣಿಗಳೇ 500ಕ್ಕೂ ಹೆಚ್ಚು. ಕಾರ್ಖಾನೆ ಕೇಳಿದ್ದಿರಲ್ಲ, ತಗೊಳ್ಳಿ.

ಮಳೆಬಿಲ್ಲು: ಗಣಿ ವಿಷಯ ಒಪ್ಪಿದೆ. ಆದರೂ ಮೈಲಿಗೊಂದು ಮನೆ ಇರುವ ಕಡೆ ಪೈಪು ಎಳೆಯುವುದು ಸುಲಭವೇ?

ಲೆಕ್ಕದಮೇಷ್ಟ್ರು: ಸುಲಭವಲ್ಲ. ಆದರೆ ಇದೇ ದೇಶ 1936ರಲ್ಲಿ ಕಾಯ್ದೆ ಮಾಡಿ, ಸಾಲ ಕೊಟ್ಟು, ಹೊಲದ ನಡುವಿನ ಒಂಟಿ ಮನೆಗಳಿಗೂ ಕರೆಂಟು ಎಳೆಸಿತು. ಅದಿರಲಿ, ನನ್ನ ತಕರಾರು ಇಂಥ ಮನೆಗಳ ಎಣಿಕೆಯ ಮೇಲೆ. ಅಲ್ಲಿನ ಜನಗಣತಿ ಇಲಾಖೆಗೆ ‘ಪೂರ್ತಿ ಪ್ಲಂಬಿಂಗ್’ ಅಂದರೆ ಬಿಸಿ ಮತ್ತು ತಣ್ಣೀರಿನ ನಲ್ಲಿ, ಜೊತೆಗೆ ಸ್ನಾನದ ತೊಟ್ಟಿ ಅಥವಾ ಷವರ್. ಫ್ಲಶ್ ಕಕ್ಕಸಿನ ಪ್ರಶ್ನೆಯನ್ನು ವಾರ್ಷಿಕ ಸಮೀಕ್ಷೆಯಿಂದ 2016ರಲ್ಲಿ ತೆಗೆದರು. ಹೊಲಸು ಎಲ್ಲಿಗೆ ಹೋಗುತ್ತದೆ ಅನ್ನುವುದು ಈ ‘ಪೂರ್ತಿ’ಯ ಲೆಕ್ಕದಲ್ಲಿ ಬರುವುದೇ ಇಲ್ಲ.

ಮಳೆಬಿಲ್ಲು: ಅಂದರೆ ಹಿತ್ತಲಿಗೆ ಪೈಪು ಬಿಟ್ಟ ಆ ಮನೆ?

ಲೆಕ್ಕದಮೇಷ್ಟ್ರು: ನಲ್ಲಿ, ಷವರ್ ಇದ್ದರೆ ಪೂರ್ತಿ ಪ್ಲಂಬಿಂಗ್ ಇರುವ ಮನೆ.

ಪೈಪ್‌ರೆಂಚ್: ನಾನು ಹೀಗೆ ಅರ್ಧ ನೋಡಿ ಬಿಲ್ಲು ಕೊಟ್ಟರೆ ಗಿರಾಕಿ ಸುಮ್ನೆ ಬಿಡುತ್ತಾನಾ?