ಅಪ್‌ಡೇಟ್: ಮಗಳ ಕಾಲೇಜಿನ ಸಾಲ ಮಂಜೂರಾಯಿತು

ಹನ್ನೆರಡು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ: ಮಗಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಗಂಡ ಜೊತೆಗಿಲ್ಲ, ಬ್ಯಾಂಕಿನವರು ತಂದೆಯ ಸಹಿ ಬೇಕೇಬೇಕು ಎನ್ನುತ್ತಿದ್ದಾರೆ, ಏನು ಮಾಡಲಿ? ನಿನ್ನೆ ಸಾಲ ಮಂಜೂರಾಯಿತು.

ಕೆಲಸಕ್ಕೆ ಬಂದದ್ದು ಬದಿಯಡ್ಕದ ಅಕ್ಕ ಕೊಟ್ಟ ಸಲಹೆ. ಸಹಸಾಲಗಾರರಾಗಿ ತಾಯಿಯೊಬ್ಬಳೇ ನಿಂತರೂ ಸಾಕು, ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಬೇರೆ ಶಾಖೆಗೆ ಹೋಗಿ ಎಂದಿದ್ದರು. ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಕೇಂದ್ರ) ಅರ್ಜಿ ತುಂಬಿಸಿ, ಗ್ರಾಮ ಕಚೇರಿಯ ಆದಾಯ ಪ್ರಮಾಣಪತ್ರವನ್ನೂ ರೇಷನ್ ಕಾರ್ಡನ್ನೂ ಹಿಡಿದು ಹೋದೆ. ಮ್ಯಾನೇಜರ್ ಕಾರ್ಡಿನ ಮೊದಲ ಪುಟದಲ್ಲಿ ಬೆರಳಿಟ್ಟು, "ಮನೆಯ ಯಜಮಾನಿ ನೀವೇ ಅಲ್ಲವೇ, ಇಲ್ಲಿ ಸಹಿ ಹಾಕಿ" ಎಂದರು. ಬೀಡಿ ಸುತ್ತಿ ಒರಟಾದ ಬೆರಳು, ಪೆನ್ನು ಹಿಡಿದಾಗ ನಡುಗುತ್ತಿತ್ತು.

4 ಲಕ್ಷದವರೆಗಿನ ಸಾಲಕ್ಕೆ ಜಾಮೀನು ಆಸ್ತಿ ಬೇಡ, ಓದಿನ ಖರ್ಚಿನಲ್ಲಿ ಇಷ್ಟು ನೀವೇ ಹಾಕಿ ಎಂದು ನಮ್ಮ ಪಾಲಿನ ಹಣವನ್ನೂ ಕೇಳುವುದಿಲ್ಲ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ನನಗೆ ಗೊತ್ತೇ ಇರದಿದ್ದ ಸಂಗತಿ: ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಬಡ್ಡಿದರದಲ್ಲಿ ಶೇ. 1 ರಿಯಾಯಿತಿ ಸಿಗಬಹುದು, ಸಾಲ ಪಡೆಯುವಾಗಲೇ ಕೇಳಿಕೊಳ್ಳಿ.

ಕೇಂದ್ರದ ಕಾಲೇಜು ವಿದ್ಯಾರ್ಥಿವೇತನ ನಮಗೆ ಆಗಲಿಲ್ಲ. ಹನ್ನೆರಡನೇ ತರಗತಿಯಲ್ಲಿ ಅವಳ ಅಂಕ ಮೊದಲ ಶೇ. 20ರ ಸಾಲಿಗೆ ಬರಲಿಲ್ಲ. ಚಿನ್ನ ಅಡವಿಡಿ ಎಂದ ಅಣ್ಣನ ಮಾತನ್ನು ನಾನೇ ಬಿಟ್ಟೆ, ಉಳಿದಿರುವುದು ಅಮ್ಮನ ಎರಡು ಬಳೆ ಮಾತ್ರ.

ಬೀಡಿ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ವಿದ್ಯಾರ್ಥಿವೇತನವಿದೆ ಎಂದೂ ಒಬ್ಬರು ತಿಳಿಸಿದ್ದರು. ನನ್ನ ಬೀಡಿ ಕಾರ್ಮಿಕರ ಗುರುತಿನ ಚೀಟಿ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಸೋಮವಾರ ಅದಕ್ಕೂ ಅರ್ಜಿ ಹಾಕುತ್ತೇನೆ.