ಖೋಟಾ ನೋಟು ಕೈಗೆ ಬಂದರೆ: ಹಾಸನ, ಚಿಕ್ಕಮಗಳೂರು ಕಡೆಯವರ ಅನುಭವ

ಹಣ್ಣಿನ ಅಂಗಡಿಯವರು, ಹಾಸನ (ಪ್ರಶ್ನೆ):
ಹಾಸನಾಂಬೆಯ ದರ್ಶನದ ಜನಜಂಗುಳಿಯಲ್ಲಿ ನಮ್ಮ ಅಂಗಡಿಗೆ 500 ರೂಪಾಯಿಯ ಖೋಟಾ ನೋಟೊಂದು ಬಂದು ಸೇರಿತ್ತು. ಹಣ ಕಟ್ಟಲು ಹೋದಾಗ ಬ್ಯಾಂಕಿನವರು ಅದನ್ನು ಇಟ್ಟುಕೊಂಡು, ಯಾವ ಚೀಟಿಯನ್ನೂ ಕೊಡದೆ ಕಳುಹಿಸಿದರು. ಇಂಥ ನೋಟನ್ನು ಗಲ್ಲಾದಲ್ಲೇ ಗುರುತಿಸುವುದು ಹೇಗೆ? ಸಿಕ್ಕ ಮೇಲೆ ಏನು ಮಾಡಬೇಕು? ಹತ್ತು ರೂಪಾಯಿ ನಾಣ್ಯವನ್ನೂ ನಕಲಿ ಎಂದು ಕೆಲವರು ಬೇಡವೆನ್ನುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಹಾಸನ:
ಸಹೋದರಿ, ಮೊದಲು ಚೀಟಿಯ ವಿಚಾರ. ಖೋಟಾ ಎಂದು ಕಂಡುಬಂದ ನೋಟಿನ ಮೇಲೆ ಬ್ಯಾಂಕಿನವರು ಹಾಗೆಂದು ಮುದ್ರೆ ಒತ್ತಿ ವಶಕ್ಕೆ ತೆಗೆದುಕೊಳ್ಳಬೇಕು. ತಂದವರಿಗೆ ಅದನ್ನು ಹಿಂದಿರುಗಿಸುವಂತಿಲ್ಲ, ಅದರ ಮೊತ್ತವನ್ನು ಖಾತೆಗೆ ಜಮಾ ಮಾಡುವಂತೆಯೂ ಇಲ್ಲ. ಆದರೆ ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿದ ನಮೂನೆಯಲ್ಲಿ ರಸೀದಿಯನ್ನು ಕೊಡಲೇಬೇಕು, ನೋಟು ತಂದವರು ಸಹಿ ಹಾಕಲು ಒಪ್ಪದಿದ್ದರೂ ಕೊಡಬೇಕು. ತಮಗೆ ಅದು ಸಿಗದಿದ್ದುದು ಸರಿಯಲ್ಲ. ಶಾಖೆಯ ಮ್ಯಾನೇಜರಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಕೇಳಿ.

ಬ್ಯಾಂಕಿಗೆ ತೆಗೆದುಕೊಂಡು ಹೋದರೆ ಪೊಲೀಸ್ ಠಾಣೆ ಹತ್ತಬೇಕಾದೀತೆಂಬ ಹೆದರಿಕೆಯಿಂದಲೇ ಅನೇಕರು ಇಂಥ ನೋಟನ್ನು ಮುಚ್ಚಿಡುತ್ತಾರೆ. ಒಂದು ವ್ಯವಹಾರದಲ್ಲಿ ನಾಲ್ಕು ನೋಟುಗಳವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ಕೊನೆಗೆ ಒಟ್ಟಾಗಿ ಪೊಲೀಸರಿಗೆ ವರದಿ ಕಳುಹಿಸುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ ಮಾತ್ರ ಕೂಡಲೇ ಎಫ್‌ಐಆರ್ ದಾಖಲಾಗುತ್ತದೆ. ನಷ್ಟವಾಗುವುದು ನಿಜ. ಅದನ್ನು ತುಂಬಿಕೊಳ್ಳಲು ಗದ್ದಲದಲ್ಲಿ ಬೇರೆಯವರಿಗೆ ದಾಟಿಸಿಬಿಡಿ ಎನ್ನುವವರ ಮಾತನ್ನು ಮಾತ್ರ ಕೇಳಬೇಡಿ. ಖೋಟಾ ಎಂದು ತಿಳಿದೂ ಚಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಮಿನಂತೆ ಜೀವಾವಧಿಯವರೆಗೆ ಶಿಕ್ಷೆ ಇರುವ ಅಪರಾಧ. ಹಾಗೆ ದಾಟಿದ ನೋಟು ಕೊನೆಗೆ ಹೋಗಿ ಸೇರುವುದು ಕೂಲಿಯವರ ಕೈಗೋ ಸೊಪ್ಪು ಮಾರುವ ಅಜ್ಜಿಯ ಮಡಿಲಿಗೋ. ಅವರಿಗೆ ಅದು ಇಡೀ ದಿನದ ದುಡಿಮೆ.

ಕಾಫಿ ತೋಟದ ರೈಟರ್, ಮೂಡಿಗೆರೆ:
ಕಾಫಿ ಕೊಯ್ಲಿನ ಕಾಲದಲ್ಲಿ ಬಟವಾಡೆಗೆಂದು ಕಂತೆಗಟ್ಟಲೆ ನೋಟು ಎಣಿಸುವವನು ನಾನು. ಎಲ್ಲ ಗುರುತುಗಳನ್ನೂ ನೋಡುತ್ತ ಕೂರಲು ಸಮಯವಿರುವುದಿಲ್ಲವಾದ್ದರಿಂದ ಮೊದಲು ಬೆರಳನ್ನೇ ನಂಬುತ್ತೇನೆ. 500ರ ನೋಟಿನ ಎಡ ಬಲ ಅಂಚುಗಳಲ್ಲಿ ಐದೈದು ಓರೆ ಗೆರೆಗಳಿದ್ದು, ಅವು ಉಬ್ಬಾಗಿ ಮುದ್ರಿತವಾಗಿರುವುದರಿಂದ ಉಗುರು ಆಡಿಸಿದರೆ ತರಿತರಿಯಾಗಿ ತಿಳಿಯುತ್ತವೆ. ಗಾಂಧೀಜಿಯವರ ಚಿತ್ರ ಮತ್ತು ಬಲಬದಿಯ ಅಶೋಕ ಸ್ತಂಭವೂ ಹಾಗೆಯೇ.

ಸವೆದ ನೋಟಿನಲ್ಲಿ ಈ ಉಬ್ಬು ಮಂಕಾಗಿರುತ್ತದೆ. ಆಗ ನೋಟನ್ನು ಓರೆ ಮಾಡಿ ನೋಡಬೇಕು: ಭದ್ರತಾ ಎಳೆಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗುತ್ತದೆ, ಕೆಳಗಡೆ ಬಲಬದಿಯಲ್ಲಿ ರೂಪಾಯಿ ಚಿಹ್ನೆಯೊಂದಿಗಿರುವ 500 ಎಂಬ ಅಂಕಿಯೂ ತಿರುಗುತ್ತದೆ. ಕಲರ್ ಜೆರಾಕ್ಸ್ ಮಾಡುವವರು ಹಸಿರನ್ನು ತರಬಲ್ಲರು, ಆ ತಿರುಗುವ ಬಣ್ಣವನ್ನು ತರಲಾರರು. ಆಮೇಲೂ ಅನುಮಾನ ಉಳಿದರೆ ಬೆಳಕಿಗೆ ಹಿಡಿಯಿರಿ. ಖಾಲಿ ಜಾಗದಲ್ಲಿ ಗಾಂಧೀಜಿಯವರ ಮುಖವೂ 500 ಎಂಬ ಅಂಕಿಯೂ ಕಾಗದದ ಒಳಗಿನಿಂದ ಮೂಡಬೇಕು; ಮೇಜಿನ ಮೇಲಿಟ್ಟಾಗಲೇ ಆ ಮುಖ ಢಾಳಾಗಿ ಕಂಡರೆ ಅದನ್ನು ಮೇಲಿಂದ ಅಚ್ಚು ಹಾಕಿದ್ದಾರೆಂದೇ ತಿಳಿಯಬಹುದು. ಸಂಖ್ಯೆಯ ನಡುವೆ ನಕ್ಷತ್ರವಿದೆಯೆಂದು ನೋಟನ್ನು ತಿರಸ್ಕರಿಸಬೇಡಿ, ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ರಿಸರ್ವ್ ಬ್ಯಾಂಕೇ ಅಂಥದ್ದನ್ನು ಸೇರಿಸುತ್ತದೆ.

ಈ ಪರೀಕ್ಷೆಯೆಲ್ಲ ಗಿರಾಕಿಯ ಎದುರಿಗೇ ಆಗಬೇಕು. ಅವರು ಹೊರಟುಹೋದ ಮೇಲೆ ಯಾರ ನೋಟು ಯಾವುದೆಂದು ಹೇಳಲಾಗದು. ‘ಬೇರೆ ನೋಟು ಕೊಡಿ, ಇದನ್ನು ಬ್ಯಾಂಕಿನಲ್ಲಿ ತೋರಿಸಿ’ ಎಂದು ಮೆಲ್ಲಗೆ ಹೇಳಿದರೆ ಸಾಕು. ಕೊಟ್ಟವರೂ ಮೋಸ ಹೋದವರೇ ಇರಬಹುದು, ಎಲ್ಲರೆದುರು ಕಳ್ಳರೆಂಬಂತೆ ಮಾತನಾಡಿಸುವುದು ಅನ್ಯಾಯ.

ಕಿರಾಣಿ ವರ್ತಕರು, ಬೇಲೂರು:
ನಾಣ್ಯದ ಬಗ್ಗೆ ಹೇಳುತ್ತೇನೆ. ಹತ್ತು ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದ್ದು, ಎಲ್ಲವೂ ಚಲಾವಣೆಯಲ್ಲಿವೆಯೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿದೆ. ರೂಪಾಯಿ ಚಿಹ್ನೆ ಇರುವುದೂ ಅಸಲಿ, ಅದು ಬರುವ ಮೊದಲು ಟಂಕಿಸಿದ್ದೂ ಅಸಲಿ. ಇಸವಿಯ ಕೆಳಗಿನ ಪುಟ್ಟ ಗುರುತಿನಲ್ಲಿ ವ್ಯತ್ಯಾಸ ಕಂಡರೂ ಗಾಬರಿ ಬೇಡ: ವಜ್ರಾಕಾರ ಮುಂಬೈ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು, ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. ಅಕ್ಷರಗಳು ಕಲಸಿಹೋಗಿದ್ದರೆ, ಹಳದಿ ಬಳೆಗೂ ನಡುವಿನ ಬಿಳಿ ಬಿಲ್ಲೆಗೂ ಸರಿಯಾಗಿ ಬೆಸುಗೆ ಕೂಡದಿದ್ದರೆ ಮಾತ್ರ ಬ್ಯಾಂಕಿನಲ್ಲಿ ತೋರಿಸಿ. ಒಂದು ಪಾವತಿಗೆ 1,000 ರೂಪಾಯಿಯವರೆಗೆ ನಾಣ್ಯ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆ ವಿನ್ಯಾಸಗಳ ಚಿತ್ರವನ್ನು ಗಲ್ಲಾದ ಪಕ್ಕ ಅಂಟಿಸಿದ ಮೇಲೆ ನಮ್ಮಲ್ಲಿ ವಾದ ಬಹುಮಟ್ಟಿಗೆ ನಿಂತಿದೆ. ತಾವೂ ಹಾಗೆ ಮಾಡಬಹುದು.